ಎಡಗೈ ಹೊಲಿಗೆ

ಆಗ್ನೆಸ್ ಎಂಬುದನ್ನು ಬಾಲದಿಂದ ಓದಿದರೆ ಸೆಂಗಾ.
ಅಜ್ಜಿಯ ಹೆಸರನ್ನೇ ಮಗುಚಿ ಹಾಕಿ
ಹೊಸದೆಂದು ನನಗೆ ಇಟ್ಟರು.
ಅಸಲು ನಕಲಿನ ಮಾತು ಬಂದಾಗ
ಮೊದಲು ಇದನ್ನು ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಡಂಡಿಯಲ್ಲಿ, ಟೇ ನದಿಗೆ ಬೆನ್ನು ಹಾಕಿ ನಿಂತ ಗಿರಣಿಯಲ್ಲಿ
ಹದಿನಾರಕ್ಕೇ ಸೇರಿ ಗೋಣಿಚೀಲ ಹೊಲಿದವಳು ನಾನು.
ದಿನಕ್ಕೆಷ್ಟು ಎಂದು ಕೇಳಬೇಡಿ,
ಬೆರಳು ಈಗಲೂ ನಿದ್ದೆಯಲ್ಲಿ ಎಣಿಸುತ್ತದೆ.
ಕ್ರಿಸ್‌ಮಸ್ಸಿಗೆ ಮಾಲೀಕನ ಹೆಂಡತಿ ಬರುತ್ತಿದ್ದಳು,
ತಲೆಗೊಂದು ಕಿತ್ತಳೆ ಹಂಚಲು.
ಕಿತ್ತಳೆಯ ರುಚಿ ಮರೆತಿದೆ.
ಅವಳ ಮೊಣಕೈಗೆ ತೂಗುತ್ತಿದ್ದ ಚೀಲ ಮರೆತಿಲ್ಲ:
ಜೇನುಬಣ್ಣದ ತೊಗಲು, ಹಿತ್ತಾಳೆಯ ಪುಟ್ಟ ಬೀಗ,
ಸೆಣಬಿನ ಧೂಳೂ ಕೂರಲು ಅಂಜುವಂಥದ್ದು.

ಐವತ್ತು ವರ್ಷ ಕಳೆದು, ಒಂದು ಮಂಗಳವಾರ ರಾತ್ರಿ,
ಹರಾಜು ಮುಗಿಯಲು ಏಳು ಸೆಕೆಂಡು.
ಯಾರೋ ಮುನ್ನೂರು ಪೌಂಡು ಅಂದರು.
ಮುನ್ನೂರ ಹನ್ನೆರಡು, ಅಂದೆ.
ಚಹಾ ಆರಿತ್ತು. ಚೀಲ ನನ್ನದಾಗಿತ್ತು.

ಪೆಟ್ಟಿಗೆ ಬಂತು.
ಮೂಸಿದೆ, ಅಂಟಿನ ವಾಸನೆ.
ಬೀಗವನ್ನು ಅಂಗೈಯಲ್ಲಿಟ್ಟು ತೂಗಿದೆ,
ಮಕ್ಕಳಾಟಿಕೆಯ ಕಾಸಿನಷ್ಟು ಹಗುರ.
ಇದು ಅಪ್ಪಟ ಅಸಲಿ ಎಂದು ಸಾರುವ ಚೀಟಿ ಮಾತ್ರ
ಮದುವೆ ಕರೆಯೋಲೆಗಿಂತ ದಪ್ಪ.

ಮಾರಿದವನಿಗೆ ಬರೆದೆ.
‘ಸತ್ತ ಚಿಕ್ಕಮ್ಮನ ಚೀಲ ಅದು,
ನಾಚಿಕೆಯಾಗಬೇಕು ನಿಮಗೆ’ ಎಂದು ಉತ್ತರ.
ನಾಚಿಕೊಂಡೆ ಕೂಡ, ಒಂದು ಸಂಜೆಯಷ್ಟು.
ಆಮೇಲೆ ನೋಡಿದರೆ ಅದೇ ವಾರ ಆ ಚಿಕ್ಕಮ್ಮ
ಇನ್ನೂ ಒಂಬತ್ತು ಚೀಲ ಬಿಟ್ಟು ಸತ್ತಿದ್ದಳು.

ಹರಾಜಿನವರು ಹೇಳಿದರು: ಬಲ್ಲವರಿಂದ ಬರೆಸಿ ಕಳಿಸಿ.
ಲಾಕಿಯ ಬೂಟು ರಿಪೇರಿಯ ಪೆಟ್ರಿ ಕನ್ನಡಕ ಏರಿಸಿ,
‘ನಕಲಿ. ಆದರೆ ನನ್ನ ಕೈಯಲ್ಲಿ ಆಗದು ಇಂಥ ಹೊಲಿಗೆ’ ಎಂದ.
ಮೊದಲ ಪದವನ್ನಷ್ಟೇ ಬರೆದು ಸಹಿ ಹಾಕಿದ.

ಕೊನೆಯ ಷರತ್ತು:
ಮಾಲನ್ನು ನಾಶಮಾಡಿ, ಫೋಟೋ ಕಳಿಸಿ,
ಹಣ ವಾಪಸ್ಸು.

ಅಡುಗೆಮನೆ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ
ಕತ್ತರಿ ಹಿಡಿದು ಕೂತೆ,
ಮೀನು ಹೆಚ್ಚಲು ಕೂತ ಹಾಗೆ.
ಮೊದಲು ಅಸ್ತರಿ ಹರಿದೆ. ಒಳಮೂಲೆಯಲ್ಲಿ
ದಾರದ ಜೊತೆ ಹೊಲಿದುಹೋದ ಒಂದು ಕೂದಲು,
ನೀಳ, ಕಪ್ಪು.
ಹೊಲಿಗೆಗಳೆಲ್ಲ ವಾಲಿದ್ದು ಎಡಕ್ಕೆ.
ನಮ್ಮ ಸಾಲಿನಲ್ಲಿ ವಿಲ್ಮಾ ಹಾಗೆ ಹೊಲಿಯುತ್ತಿದ್ದಳು,
ಮೇಸ್ತ್ರಿ ಅವಳ ಎಡಗೈಗೆ ಅಳತೆಪಟ್ಟಿಯಿಂದ ಬಾರಿಸುತ್ತಿದ್ದ.
ಇವಳಿಗೆ ಯಾರು ಬಾರಿಸಿದರೋ, ಯಾವ ಊರೋ,
ಚೀಲಕ್ಕೆಷ್ಟು ಕೊಟ್ಟರೋ.
ಗಂಟು ಕಾಣದಂತೆ ಮಡಿಕೆಯೊಳಗೆ ತಳ್ಳಿದ್ದಳು.
ಕೊಳ್ಳುವವರು ನೋಡದ ಜಾಗ ಅದು.

ಕತ್ತರಿಸಲಾಗಲಿಲ್ಲ. ಬಿಚ್ಚಿದೆ,
ಒಂದೊಂದೇ ಹೊಲಿಗೆ, ಸೂಜಿಮೊನೆಯಿಂದ, ರಾತ್ರಿ ಎರಡರವರೆಗೆ.
ತುಂಡುಗಳನ್ನು ಸಾಲಾಗಿಟ್ಟು ಫೋಟೋ ಕಳಿಸಿದೆ.
‘ಇದನ್ನು ಮತ್ತೆ ಹೊಲಿಯಬಹುದು, ಒಪ್ಪಲಾಗದು’ ಎಂದರು.
ಸರಿಯೇ. ಹೊಲಿಯಬಹುದಿತ್ತು. ಯೋಚಿಸಿಯೂ ಇದ್ದೆ.

ಎರಡನೇ ಸಲ ಕಣ್ಣುಮುಚ್ಚಿ ಕತ್ತರಿ ಆಡಿಸಿದೆ.
ಪ್ಯಾರಿಸ್ಸಿನ ಹೆಸರು ಮೂರು ಚೂರಾಯಿತು.
ಗುರುವಾರ ಹಣ ಬಂತು, ಅಂಚೆ ಖರ್ಚು ಮುರಿದು.
ಹಿಡಿಕೆಯೊಂದು ಉಳಿದಿತ್ತು,
ಈಗ ಕೊಟ್ಟಿಗೆ ಬಾಗಿಲಿಗೆ ಕಟ್ಟಿದ್ದೇನೆ, ಗಾಳಿಗೆ ಬಡಿಯದಂತೆ.
ಕೂದಲನ್ನು ಏನು ಮಾಡಿದೆ ಎಂದು
ಯಾರೂ ಕೇಳಲಿಲ್ಲ, ನಾನೂ ಹೇಳುವುದಿಲ್ಲ.

ಬಸ್ಸಿನಲ್ಲಿ ಈಗ ಎದುರು ಸೀಟಿನವರ ಮಡಿಲು ನೋಡುತ್ತೇನೆ.
ಹೆಂಗಸರು ಚೀಲವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಾರೆ,
ಮುದುಕಿ ಕಳ್ಳಿಯೋ ಏನೋ ಎಂದು.
ಅಸಲೋ ನಕಲೋ, ನನಗೆ ಬೇಡ.
ಹೊಲಿಗೆ ಯಾವ ಕಡೆಗೆ ವಾಲಿದೆ
ಅಷ್ಟು ಕಂಡರೆ ಸಾಕು,
ನನ್ನ ನಿಲ್ದಾಣ ಬರುವುದರೊಳಗೆ.