ಚೀಲದ ಬಾಯಿ

ಕಲಬುರ್ಗಿ ಕಪನೂರ ದಾಲ್ ಮಿಲ್ಲಿನಾಗ
ಹದಿನೆಂಟು ವರ್ಷದಿಂದ ಚೀಲದ ಬಾಯಿ ಹೊಲಿಯಾಂವ ನಾ.
ಈಗ ನನ್ನ ಕರುಳೇ ಮಡಚಿ
ಒಳಗೊಂದು ಚೀಲ ಹೊಲ್ದಾರ ಡಾಕ್ಟರು.

ಆರು ತಿಂಗಳಾತು. ಮ್ಯಾಲಿನ ಗಾಯ ಮಾಯ್ದದ,
ಗಾಳಿ ಮಾಯವಲ್ದು.
ಉಂಡ ತಾಸಿಗೆ ಗುಡುಗುಡು,
ಚಾಲೂ ಆಗಲಾರದ ಹಳೇ ಲೂನಾದಂಗ.

ತೊಗರಿ ಬ್ಯಾಡ, ಪುಂಡಿಪಲ್ಲೆ ಬ್ಯಾಡ,
ಸೋಡಾ ಅಂತೂ ಹೆಸರೇ ಎತ್ತಬ್ಯಾಡ.
ಮೈಮ್ಯಾಲೆ ಬೇಳಿ ಧೂಳು, ಮೂಗಿನಾಗ ಬೇಳಿ,
ತಾಟಿನಾಗ ಮೆತ್ತನ್ನ ಅನ್ನ, ನೀರುಮಜ್ಜಿಗಿ.
"ಮಾತಾಡ್ಕೋತ ಉಣಬ್ಯಾಡ, ಗಾಳಿ ನುಂಗ್ತಿ" ಅಂದು
ಜಗದೇವಿ ಎದುರಿಗೆ ಕುಂತು
ತಾನೂ ಬಾಯಿ ಮುಚಗೊಂಡು ಉಣ್ತಾಳ.
ಲಗ್ನಾದಾಗಿಂದ ಇಂಥ ಶಾಂತಿ ನಮ್ಮನ್ಯಾಗ ಇದ್ದಿಲ್ಲ.

ರಾತ್ರಿ ಎಡಮಗ್ಗಲು, ಮೊಣಕಾಲು ಎದಿಗೆ.
ಬರೋದು ಗಾಳಿಯೋ ನೀರೋ
ಹೇಳೋರ್ಯಾರು?
ನಂಬಿ ಬಿಟ್ರ ಲುಂಗಿ, ನಂಬದಿದ್ರ ನಿದ್ದಿ,
ಎರಡ್ರಾಗ ಒಂದು ಹೋಗ್ತದ.

ಚೀಲ ತುಂಬುವಾಗ ತಟ್ತೀವಿ ನಾವು,
ಬೇಳಿ ಸಂದಿನ ಗಾಳಿ ಹೊರಗ್ಹೋಗ್ಲಿ ಅಂತ.
ಹಂಗೇ ತಟಗೋತೀನಿ ಹೊಟ್ಟಿ, ಕತ್ತಲಾಗ,
ಹೊಲಿಗಿಗೆ ಹೆದರಿ, ಮೆಲ್ಲಕ.

ನಿನ್ನೆ ಮಿಲ್ಲಿನ ಗದ್ದಲದಾಗ ಧೈರ್ಯ ಮಾಡ್ದೆ.
ಅದೇ ಗಳಿಗ್ಯಾಗ ಕರೆಂಟ್ ಹೋತು.
ಮಷೀನೆಲ್ಲ ಗಪ್.
ನಂದೊಂದೇ ಸಪ್ಪಳ, ಉದ್ದಕ.

ಹಮಾಲರೆಲ್ಲ ತಿರುಗಿ ನೋಡಿದ್ರು.
ನಾ ಲುಂಗಿ ಹಿಂದ ಕೈಯಾಡ್ಸಿದೆ.
ಒಣಾ ಇತ್ತು.
ಮೌಲಾಲಿ, ಚೀಲದ ಮ್ಯಾಲೆ ಮಲಗಿದಾಂವ, ಕಣ್ಣು ತೆರಿಲಾರದ ಅಂದ:
"ಹೊಲಿಗಿ ಗಟ್ಟಿ ಅದ, ಕಾಕಾ."