ಹತ್ತು ಅಡಿ ದೂರ ನಿಂತು ಓದ್ರಿ

ಚೌಬಾರಾದಿಂದ ಎಡಕ್ಕ ಹೊರಳಿದರ ನಾಲ್ಕನೇ ಅಂಗಡಿ ನಂದು.
ಎರಡು ವರ್ಷ ಯಾರಿಗೂ ಕಾಣಲಿಲ್ಲ.
ಈ ಕಡಿ ಕೂಲರ್ ಮಾರುವವರು, ಆ ಕಡಿ ಬೀಜದ ಅಂಗಡಿ,
ನಡುವ ಕಣ್ಣು ತಪಾಸುವ ಮಹಾನಂದಾ,
ಗೋಡಿಗೆ ತೂಗಹಾಕಿದ ಡಿಪ್ಲೊಮಾದ ಗಾಜು
ದಿನಾ ಒರಸಿ ಒರಸಿ
ಅದರಾಗ ನನ್ನ ಮಾರೀನೇ ನೋಡಿಕೊಂಡೆ.

ಎದುರಿಗೆ ಫ್ಲೆಕ್ಸಿನ್ಯಾಗ ನಗುವ ಹುಡುಗಿ,
ಹೈದ್ರಾಬಾದಿನ ದೊಡ್ಡ ಅಂಗಡಿಯಾಕಿ.
ಒಂದು ತಗೊಂಡರ ಒಂದು ಫ್ರೀ.
ಆಕಿ ಮೂಗಿನ ಮ್ಯಾಲ ಫ್ರೇಮ್ ಅದ, ಫ್ರೇಮಿನ್ಯಾಗ ಗಾಜಿಲ್ಲ.
ಇಡೀ ಊರಾಗ ಇದನ್ನ ನಾ ಒಬ್ಬಾಕಿನೇ ನೋಡಿರಬೇಕು.

ನೀನೂ ಒಂದು ಹಾಕಸು, ಮೂರು ಸಾವಿರ ಅಷ್ಟೇ, ಅಂದ ನಮ್ಮಣ್ಣ.
ಮೂರು ಸಾವಿರ ಎಲ್ಲಿತ್ತು?
ಸಾಲಿಯವರು ಒಗೆದ ಕರಿ ಹಲಗಿ ಇತ್ತು,
ಅರ್ಧ ಡಬ್ಬಿ ಖಡು ಇತ್ತು.

ಮೊದಲನೇ ದಿನ, ಮುಷ್ಟಿಯಷ್ಟು ದಪ್ಪ ಅಕ್ಷರದಾಗ:
ತಲಿನೋವು.
ಅದರ ಕೆಳಗ ಹೆಬ್ಬೆರಳಿನಷ್ಟು:
ಎಲ್ಲಾ ತಲಿನೋವು ಕಣ್ಣಿಂದ ಬರಂಗಿಲ್ಲ.
ಅದರ ಕೆಳಗ ತೊಗರಿ ಕಾಳಿನಷ್ಟು:
ನೀರು ಕುಡೀರಿ, ರಾತ್ರಿ ನಿದ್ದಿ ಮಾಡ್ರಿ, ಎಂಟು ದಿನ ನೋಡ್ರಿ.
ಕಟ್ಟಕಡೀಗೆ ಜೋಳದಷ್ಟು:
ಹತ್ತು ಅಡಿ ದೂರದಿಂದ ಇದನ್ನ ಓದಿದರ
ನಿಮಗ ನಾ ಬೇಕಾಗಿಲ್ಲ, ಮನಿಗೆ ಹೋಗ್ರಿ.

ಬೀಜದ ಅಂಗಡಿ ವೈಜಿನಾಥಪ್ಪ
ದೂರ ಸರಿದು, ಕಣ್ಣು ಕಿರಿದು ಮಾಡಿ ಓದಿ, ನಕ್ಕ:
ಗಿರಾಕಿನ್ನ ತಾನೇ ಹೊಳ್ಳಿ ಕಳಸೋ ಅಂಗಡಿ
ಇದೇ ಮೊದಲ ನೋಡಿದೆ ಬಿಡು.

ಮರುದಿನ ಬರೆದೆ. ಅದರ ಮರುದಿನವೂ.
ಕೂಸಿನ ಕಣ್ಣಿಗೆ ಎಣ್ಣಿ ಬಿಡಬ್ಯಾಡ್ರಿ.
ಶುಗರ್ ಇದ್ದವರು, ನೋವಿಲ್ಲಂತ ಸುಮ್ಮ ಕೂಡಬ್ಯಾಡ್ರಿ,
ವರ್ಷಕ್ಕೊಮ್ಮಿ ಯಾರ ಹತ್ರ ಆದರೂ ತೋರಸ್ರಿ.
"ಯಾರ ಹತ್ರ ಆದರೂ" ಅಂತ ಬರಿವಾಗ
ಖಡು ಮುರೀತು, ಸುಳ್ಳ್ಯಾಕ ಹೇಳಲಿ,
ಬಾಡಿಗಿ ನೆನಪಾಗಿತ್ತು.

ಒಂದು ಮುಂಜಾನಿ ಬಾಗಿಲು ತೆಗೀಲಿಕ್ಕೆ ಬಂದರ
ನನ್ನ ಸಾಲಿನ ಬಾಜೂಕ ಉರ್ದು ಸಾಲು.
ಬಲದಿಂದ ಎಡಕ್ಕ, ಅದೂ
ಮ್ಯಾಲಿಂದ ಕೆಳಗ ಸಣ್ಣ ಆಗ್ತಾ ಆಗ್ತಾ.
ಬರೆದವರು ಯಾರಂತ ಇವತ್ತಿಗೂ ಗೊತ್ತಿಲ್ಲ.
ಕೂಲರಿನವರ ಹುಡುಗನ ಬೆರಳಿಗೆ ಬಿಳಿ ಹತ್ತಿತ್ತು,
ನಾ ಕೇಳಲಿಲ್ಲ.
ಅವತ್ತಿಂದ ಅರ್ಧ ಹಲಗಿ ಖಾಲಿ ಬಿಡತೀನಿ.

ಬ್ಯಾಸಗಿ ಮುಗಿಯೂದರಾಗ
ಕಾಲುದಾರಿ ಮ್ಯಾಲ ಒಂದು ಗುರುತು ಬಿತ್ತು,
ಜನ ನಿಂತು ನಿಂತು ಸವೆದ ಜಾಗ.
ಒಬ್ಬರ ಹಿಂದ ಒಬ್ಬರು ಓದಿ ಅರ್ಧ ಮಂದಿ ಹೋಗಿಬಿಡತಿದ್ರು,
ನಾನೇ ಹೇಳೀನಲ್ಲ.
ಉಳಿದವರು ಒಳಗ ಬಂದು, ಏನೋ ತಪ್ಪು ಮಾಡಿದವರಂಗ,
"ಮೂರನೇ ಸಾಲಿಗೆ ನಿಂತುಬಿಟ್ಟೆ ಬಾಯಿ" ಅಂತಿದ್ರು.

ರಫೂ ಮಾಡೋ ಕರೀಮಾ ಚಾಚಿ ಬಂದದ್ದು ಹಂಗಲ್ಲ.
ಆಕಿಗೆ ಕನ್ನಡ ಓದಲಿಕ್ಕೆ ಬರಂಗಿಲ್ಲ, ಉರ್ದೂ ಬರಂಗಿಲ್ಲ.
"ಕೆಳಗಿಂದು ಇರುವಿ ಸಾಲು ಅಲ್ಲೇನು ಬೇಟಿ?
ಯುಗಾದಿ ಹೊತ್ತಿಗೆ ಗಟಾರದ ಆಚಿಂದ ಕಾಣತಿತ್ತು.
ಈಗ ಕಟ್ಟಿ ಏರಿದರೂ ಕಾಣವಲ್ದು.
ಇರುವಿ ಸತ್ತವೋ, ನಂದು ಕಣ್ಣು ಸತ್ತವೋ ನೋಡು."

ಪೊರಿ ಬಂದಿತ್ತು, ಎರಡೂ ಕಣ್ಣಿಗೆ.
ನನ್ನ ಅಂಗಡಿಯ ಯಾವ ಗಾಜೂ ಅದಕ್ಕ ಸಾಲಂಗಿಲ್ಲ.
ಜಿಲ್ಲಾ ಆಸ್ಪತ್ರಿಗೆ ಚೀಟಿ ಬರೆದುಕೊಟ್ಟೆ.
ಐವತ್ತು ರೂಪಾಯಿ ಮುಂದ ಮಾಡಿದಳು, ತಗೊಳಲಿಲ್ಲ,
ಆಮ್ಯಾಲ ತಗೊಂಡೆ.

ವೈಜಿನಾಥಪ್ಪ ಒಂದು ದಿನ ಸಾಲದ ಕಾಗದ ಹಿಡಕೊಂಡು ಬಂದ.
ಓದೂ ಗಾಜು ಬೇಕಂತ.
"ಫೈನಾನ್ಸಿನವರೂ ಕಡೀ ಸಾಲು ಸಣ್ಣಗೇ ಬರೀತಾರ,
ಎಲ್ಲಾ ಮೋಸ ಅಲ್ಲೇ ಇಟ್ಟಿರ್ತಾರ.
ನಿಂದು ಉಲ್ಟಾ" ಅಂದ.
ರೊಕ್ಕ ಪೂರಾ ಕೊಟ್ಟ, ಚೌಕಾಸಿ ಮಾಡಲಿಲ್ಲ.

ಎರಡು ತಿಂಗಳಾದ ಮ್ಯಾಲ ಚಾಚಿ ಬಂದಳು,
ಕರಿ ಗಾಜು ತೆಗೆದು ರಸ್ತೆದಾಗೇ ನಿಂತಳು.
ಭಾಳ ಹೊತ್ತು ನೋಡಿದಳು.
ದುವಾ ಮಾಡ್ತಾಳಂತ ಅನಕೊಂಡೆ.
"ಥೂ, ನಿನ್ನ ಸಾಲೆಲ್ಲಾ ಸೊಟ್ಟ ಅದಾವ" ಅಂದಳು.
"ನಾ ಹಿಂಗ ಟಾಕಾ ಹಾಕಿದ್ರ ಸೇಠ್ ಶೆರವಾನಿ ಮಾರಿಗೆ ಒಗೀತಿದ್ದ."

ಸೊಂಟದ ಚೀಲದಿಂದ ದಾರ ತೆಗೆದು
ಒಂದು ತುದಿ ನನ್ನ ಕೈಯಾಗ ಕೊಟ್ಟಳು.
ಖಡು ಹಚ್ಚಿ, ಬಿಗಿ ಹಿಡಿದು, ಮೀಟಿದಳು.
ಹಲಗಿ ಮ್ಯಾಲ ಬಿಳಿ ಗೆರಿ.
ಇನ್ನೊಂದು.
ಸಣ್ಣ ಸಾಲಿಗೆ ಇನ್ನೂ ಕೆಳಗ ಹಿಡಿ ಅಂದಳು, ಹಿಡಿದೆ.