ಏಳು ನಿಮಿಷ

ಕುಂಬಳೆಯ ಸಹಕಾರಿ ಆಸ್ಪತ್ರೆ. ಮೆಟ್ಟಿಲ ಕೆಳಗೆ
ಮೊದಲು ಬೆಡ್‌ಶೀಟು ಇಡುತ್ತಿದ್ದ ಕೋಣೆಯಲ್ಲಿ
ಈಗ ಮೂರು ಸರ್ವರು.
ಏಸಿಗೆ ಹಳೇ ಕೆಮ್ಮು.
ಚಪ್ಪಲಿ ಹೊರಗೆ ಬಿಡಬೇಕೆಂದು ಯಾರು ನಿಯಮ ಮಾಡಿದರೋ,
ನಾನೂ ಬಿಡುತ್ತೇನೆ.

ಮೂರು ಪೆಟ್ಟಿಗೆಯೊಳಗೆ ಹತ್ತೊಂಬತ್ತು ಯಂತ್ರ,
ಮುಟ್ಟಲು ಸಿಗದವು:
ಔಷಧಿ ಚೀಟಿ, ಎಕ್ಸ್‌ರೇ, ಸಂಬಳ, ಡಯಾಲಿಸಿಸ್ ಸರದಿ.
ಒಂದೇ ವಠಾರದ ಬಾಡಿಗೆಯವರು,
ಒಬ್ಬರ ಒಗ್ಗರಣೆ ಇನ್ನೊಬ್ಬರ ಮೂಗಿಗೆ ತಾಗದು.
ಇವತ್ತು ನೆಲ ಕಿತ್ತು ಹೊಸತು ಹಾಸಬೇಕು,
ಮಲಗಿದವರನ್ನು ಎಬ್ಬಿಸದೆ.

ಹನ್ನೊಂದೂವರೆಗೆ ಒಂದನೆಯದನ್ನು ಖಾಲಿ ಮಾಡಲು ಹೇಳಿದೆ.
ಔಷಧಿ ಚೀಟಿ ಮೊದಲು ಹೊರಟಿತು.
ನೆನಪು ಪುಟ ಪುಟವಾಗಿ ಆಚೆಗೆ ನಕಲಾಗುತ್ತದೆ,
ಅಷ್ಟರಲ್ಲಿ ಯಾರೋ ಪ್ಯಾರಾಸಿಟಮಾಲ್ ಬರೆದರೆ
ಆ ಪುಟ ಮಾತ್ರ ಮತ್ತೊಮ್ಮೆ.
ಉಳಿದದ್ದು ಕಡಿಮೆ, ಇನ್ನೂ ಕಡಿಮೆ,
ಕೊನೆಗೆ ರೆಪ್ಪೆ ಬಡಿಯುವುದಕ್ಕಿಂತ ಸಣ್ಣದೊಂದು ತಡೆ,
ಆಚೆ ದಡದಲ್ಲಿ ಅದೇ ಪದದ ಮುಂದಿನ ಅಕ್ಷರ.

ಫೋನು ಮಾಡಿದೆ ಕ್ಯಾಶುವಾಲ್ಟಿಗೆ: ಸಿಸ್ಟರೇ, ಎಂತಾದ್ರೂ ಆಯ್ತಾ?
ಎಂತ ಆಗ್ಬೇಕಿತ್ತು? ಅಂದಳು ಜಲಜಾಕ್ಷಿ, ಟೈಪು ನಿಲ್ಲಿಸದೆ.
ನನ್ನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಶಾಲು ಹೊದಿಸುವವರಿಲ್ಲ.

ಎರಡು ಸಲ ನಿವೃತ್ತರಾಗಿಯೂ ಜನರೇಟರು ನೋಡಲು ಬರುವ ಕುಂಞಂಬು
ಫ್ಲಾಸ್ಕಿನ ಮುಚ್ಚಳದಲ್ಲಿ ಕಟ್ಟನ್ ಚಾಯ ಕೊಟ್ಟು
ಸರಿಯುವ ಹಸಿರು ಪಟ್ಟಿ ನೋಡಿದರು.
— ಇದು ನಮ್ಮದೇ ಕತೆ ಮಾರಾಯ್ತಿ.
ನನಗಾಗ ಆರು ವರ್ಷ. ರಾತ್ರಿ ಮಲಗಿದ್ದು ಮದರಾಸಿನಲ್ಲಿ,
ಎದ್ದದ್ದು ಕೇರಳದಲ್ಲಿ.
ಬಾವಿ ಅಲ್ಲೇ, ಹಗ್ಗ ಅಲ್ಲೇ, ದನ ಅದೇ ಗೂಟಕ್ಕೆ.
ಅಮ್ಮ ಹಾಲು ಕರೆಯುತ್ತಿದ್ದವಳು ತಲೆ ಎತ್ತಲೂ ಇಲ್ಲ.

ಎರಡನೆಯದರ ಸರದಿ. ಎಲ್ಲ ಹೊರಟವು,
ಲ್ಯಾಬಿನದೊಂದು ಬಿಟ್ಟು.
ಸರ್ವರಿನ ಬೆನ್ನಿಗೆ ಹೆಬ್ಬೆರಳುದ್ದದ ಕೀಲಿ,
ರಕ್ತದ ಲೆಕ್ಕ ಇಡುವ ತಂತ್ರಾಂಶದ ಲೈಸೆನ್ಸು.
ಮಾರಿದ ಕಂಪೆನಿ ಈಗಿಲ್ಲ, ಕೀಲಿ ಇದೆ,
ಕೀಲಿ ಇರುವಲ್ಲೇ ಅದು ಇರುತ್ತದೆ.
ನಿಲ್ಲಿಸಿ, ಕಿತ್ತು, ಪಕ್ಕದ್ದಕ್ಕೆ ಚುಚ್ಚಿ, ಮತ್ತೆ ಏಳಿಸಬೇಕು.
ಜಲಜಾಕ್ಷಿಗೆ ಹೇಳಿದೆ: ಏಳು ನಿಮಿಷ.

ಅವಳು ಡ್ರಾಯರಿನಡಿಯಿಂದ ಉದ್ದದ ಪುಸ್ತಕ ತೆಗೆದಳು.
ಕೊನೆಯ ನಮೂದಿಗೆ ಎರಡು ವರ್ಷ.
ರೋಹಿತಾಕ್ಷ ಲ್ಯಾಬಿನ ಬಾಗಿಲಿಂದಲೇ ಕೂಗಿದ:
ಆರಿಕ್ಕಾಡಿ ಸಫ್ರೀನಾ, ಹನ್ನೆರಡು ವರ್ಷ,
ಪ್ಲೇಟ್‌ಲೆಟ್ ಮೂವತ್ತೊಂದು ಸಾವಿರ.
ಅವಳು ಕನ್ನಡದಲ್ಲಿ ಬರೆದಳು, ಕೈ ಬಂದ ಹಾಗೆ.
ಕೋಟ್ಟಯಂನಿಂದ ಬಂದ ಹೊಸ ಡಾಕ್ಟರಿಗೆ ಆ ಅಕ್ಷರ ಬಾರದು,
ಮಲಯಾಳದಲ್ಲಿ ಓದಿ ಹೇಳಿದಳು,
ಆತ ಅಂಗೈಯಲ್ಲಿ ಬರೆದುಕೊಂಡು ಓಡಿದ.

ಇತ್ತ ನಾನು ಕಪ್ಪು ಪರದೆಯೆದುರು.
ಹಳೇ ವಿಂಡೋಸು ಮೈಮುರಿದು, ಡಿಸ್ಕು ತಡವಿ,
ಹೆಸರು ಮರೆತವರ ಹಾಗೆ ಸುಮ್ಮನೆ ಕೂತಿತು.
ಹಳಿಯ ಮೇಲೆ ಮಂಗಳೂರಿನ ಕಡೆಗೆ ಗೂಡ್ಸು
ಮುಗಿಯುವುದೇ ಇಲ್ಲವೆನ್ನುವಂತೆ ಹೋಯಿತು.
ಏಳು ಅಂದದ್ದು ಒಂಬತ್ತಾಯಿತು.

— ಒಂಬತ್ತೇ? ನಕ್ಕರು ಕುಂಞಂಬು.
ದನ ಅದೇ ಗೂಟಕ್ಕೆ ಅಂದೆನಲ್ಲ,
ಗೂಟದ ಜಾಗದ ಪಟ್ಟೆ ಮಂಗಳೂರಿನ ಕಚೇರಿಯಿಂದ
ಕಣ್ಣೂರಿಗೆ ಬರಲು ಹನ್ನೊಂದು ವರ್ಷ.
ಅಪ್ಪ ಕಾದರು. ಆಮೇಲೆ ನಾನು ಕಾದೆ.
ಮುಚ್ಚಳ ತೊಳೆದು ಫ್ಲಾಸ್ಕಿಗೆ ತಿರುಗಿಸಿದರು, ತುಸು ಬಿಗಿಯಾಗಿ.

ಮೂರೂವರೆಗೆ ಪುಸ್ತಕದ ಸಾಲನ್ನು ಯಂತ್ರಕ್ಕೆ ಏರಿಸಲು ಕೂತೆ.
ಹೆಸರು, ವಯಸ್ಸು, ಅಂಕಿ, ಸಮಯ.
ಸಾಲಿನ ಬದಿಗೆ, ಅಂಚಿನಲ್ಲಿ, ಅವಳದೇ ಕೈಬರಹ:
ತಾಯಿ ಬಾಗಿಲ ಹೊರಗೆ ನಿಂತಿದ್ದಾರೆ, ಏನೂ ತಿಂದಿಲ್ಲ.

ಅದಕ್ಕೆ ಯಾವ ಕಾಲಮೂ ಇಲ್ಲ.
ಪುಸ್ತಕ ತೆರೆದೇ ಇಟ್ಟು ಹೊರಗೆ ಬಂದೆ,
ಬೆಂಚಿನ ಮೇಲೆ ಖಾಲಿ ಚಾಯ ಲೋಟ, ಅರ್ಧ ಬನ್ನು.
ಯಾರೋ ಕೊಟ್ಟಿದ್ದರು.

ಚಪ್ಪಲಿ ಬಿಟ್ಟು ಒಳಗೆ ಹೋದೆ.
ಮೂರನೆಯದು ಇನ್ನೂ ಬಾಕಿ ಇತ್ತು.